ಏಳು ಚುಕ್ಕಿಯ ಮಟ್ಟು

ಆ ಊರಿನಲ್ಲಿ ಸೈಕಲ್ಲಿಗೆ ಬೀಗ ಹಾಕುವವರು ಕಡಿಮೆ. ಆದರೆ ಸಿಳ್ಳೆಗೆ ಮಾತು ಕಟ್ಟದೆ ಬಿಡುವವರು ಇಲ್ಲವೇ ಇಲ್ಲ. ಹಾಲಿನವನ ಬೆಳಗಿನ ಸಿಳ್ಳೆಗೆ ‘ಪಾತ್ರೆ ತನ್ನಿ, ಬೆಕ್ಕು ನೋಡ್ತಾ ಉಂಟು’ ಎಂಬ ಮಾತುಂಟು. ಮದುವೆಯ ವಾಲಗದವರ ಪಕ್ಕದಲ್ಲಿ ಒಬ್ಬರು ಕುಳಿತು, ಊದಿದ ಪ್ರತಿ ಸಾಲಿಗೂ ತುಟಿಯೊಳಗೇ ಮಾತು ಹೇಳುತ್ತಿರುತ್ತಾರೆ. ಮಾತು ಕಟ್ಟದ ಮಟ್ಟು ಅಲ್ಲಿ ನಿಲ್ಲುವುದಿಲ್ಲ. ನುಡಿಸಿದವನ ಕೈಯಿಂದ ಇಳಿದು, ಹೊಸ್ತಿಲು ದಾಟಿ, ತನಗೆ ತೋಚಿದ ಕಡೆ ಹೊರಟುಹೋಗುತ್ತದೆ. ಕೇಳಿದವರ ನೆನಪಿನಲ್ಲೂ ಅದು ಕೂರುವುದಿಲ್ಲ. ನುಡಿಸಿದವನ ಬೆರಳುಗಳು ಮಾತ್ರ ಅದನ್ನು ಬಲ್ಲವು. ಅವನು ನಾಳೆ ಅದನ್ನು ಮತ್ತೆ ನುಡಿಸಬಹುದು, ಅದು ನಾಳೆಯೂ ಹೊರಟುಹೋಗುತ್ತದೆ.

ಹೀಗೆ ಹೊರಟುಹೋದವುಗಳಿಗೆ ಬೀದಿ ಮಟ್ಟು ಎಂದು ಹೆಸರು. ಅವು ಮನೆಯೊಳಗೆ ಬಂದರೆ ಹಿಂಬಾಗಿಲು ತೆರೆದಿಡುವುದು ಅಲ್ಲಿಯ ಪದ್ಧತಿ. ಜೊತೆಗೂಡಿ ಗುನುಗಬಾರದು, ಚಪ್ಪಾಳೆ ತಟ್ಟಬಾರದು. ಕ್ಷೌರದಂಗಡಿಯಲ್ಲಿ ಕತ್ತಿ ಒಂದು ಗಳಿಗೆ ಗಲ್ಲದ ಮೇಲೆ ತಡೆಯುತ್ತದೆ. ಪಂಚಾಯಿತಿ ಸಭೆಗೆ ಬೀದಿ ಮಟ್ಟು ಬಂದರೆ ಅದು ದಾಟಿಹೋಗುವವರೆಗೆ ಅಧ್ಯಕ್ಷರು ನಿರ್ಣಯ ಓದುವುದಿಲ್ಲ. ಒಮ್ಮೆ ಒಬ್ಬರು ತಾಳ್ಮೆಗೆಟ್ಟು ಓದಿಬಿಟ್ಟರಂತೆ. ಓದಿದ ಮಾತು ಆ ಬೀದಿ ಮಟ್ಟಿಗೆ ಗಂಟುಬಿದ್ದು, ಊರಿನ ಮಕ್ಕಳು ಇಂದಿಗೂ ಮೀನುಪೇಟೆಯ ಚರಂಡಿ ದುರಸ್ತಿಯ ನಿರ್ಣಯವನ್ನು ಹಾಡಿಕೊಂಡು ಹಗ್ಗದಾಟ ಆಡುತ್ತಾರೆ. ಅದನ್ನು ನಾನೇ ಕೇಳಿದ್ದೇನೆ. ಒಳ್ಳೆಯ ಹಾಡು.

ಈ ವೃತ್ತಾಂತವನ್ನು ನನಗೆ ಹೇಳಿದವರು ಇಬ್ಬರು: ಹುರಿ ಮನೆಯ ಕೃಪಾವತಿಯಮ್ಮ ಮತ್ತು ಮೈಕ್ ಸೆಟ್ಟಿನ ಹಸನಬ್ಬ. ಇಬ್ಬರ ಹೇಳಿಕೆ ಹೊಂದದ ಕಡೆ ಎರಡನ್ನೂ ಹಾಗೆಯೇ ಇಟ್ಟಿದ್ದೇನೆ. ಕೃಪಾವತಿಯಮ್ಮನವರನ್ನು ಇಲ್ಲಿ ಬರಿಯ ಹೆಸರಿನಿಂದ ಕರೆಯುವುದು ಅವರ ಅಪ್ಪಣೆಯ ಮೇರೆಗೆ. “ಕಥೆಯ ಒಳಗೆ ಹೋದ ಮೇಲೆ ಅಮ್ಮ ಗಿಮ್ಮ ಎಂತಕ್ಕೆ? ಅಲ್ಲಿ ಎಲ್ಲರೂ ಬರೀ ಕಾಲಲ್ಲಿ ನಡೆಯುವವರು,” ಎಂದರು.

ಹುರಿ ಮನೆಯವರದು ಮಾತು ಹೊಸೆಯುವ ಕಸುಬು. ಯಾರ ಬಾಯಲ್ಲೋ ಕೈಯಲ್ಲೋ ಹೊಸ ಮಟ್ಟು ಹುಟ್ಟಿದರೆ, ಅವರು ಈ ಮನೆಗೆ ಓಡಿಬಂದು ಜಗಲಿಯಲ್ಲಿ ಕುಳಿತು ಅದನ್ನು ಬಿಡದೆ ಹೇಳುತ್ತಲೇ ಇರಬೇಕು. ಮನೆಯವರು ಕೇಳುತ್ತಾ ಕೇಳುತ್ತಾ ಅದಕ್ಕೆ ಹೊಂದುವ ಮಾತನ್ನು, ತೆಂಗಿನ ನಾರನ್ನು ತೊಡೆಯ ಮೇಲೆ ಹೊಸೆದ ಹಾಗೆ, ಹೊಸೆದು ಕಟ್ಟುತ್ತಾರೆ. ಹಾಗೆ ಹೊಸೆದ ಮಾತಿಗೆ ಹುರಿ ಎಂದು ಹೆಸರು. ಕಟ್ಟಿದ ಮೇಲೆ ಮಟ್ಟು ಊರಿನದು. ಯಾರು ಬೇಕಾದರೂ ಕಲಿಯಬಹುದು, ಹಾಡಬಹುದು. ಕೃಪಾವತಿ ತಾಯಿಯಿಂದ ಈ ಕಸುಬು ಕಲಿತಳು. ಅವಳ ತಮ್ಮ ಜಯಕರ ಕಲಿಯಲಿಲ್ಲ.

ಅವನು ಹೋದದ್ದು ಉಪ್ಪಿನ ಕಂಪನಿಯ ಕ್ಲಬ್ಬಿಗೆ. ಊರಿನ ಪಡುವಣಕ್ಕೆ ಉಪ್ಪಿನ ಗದ್ದೆಗಳು. ಅವುಗಳ ದಡದಲ್ಲಿ ಕಂಪನಿಯ ದೊರೆಗಳು ಕಟ್ಟಿಸಿದ ಕ್ಲಬ್ಬು, ಅದರ ಹಜಾರದಲ್ಲಿ ಹಡಗಿನಿಂದಿಳಿದ ಒಂದು ಪಿಯಾನೊ. ಅದೇ ಹಡಗಿನ ಬ್ಯಾಂಡಿನಿಂದ ಇಳಿದು, ಕಡಲಿನ ತಲೆಸುತ್ತು ಸಾಕೆಂದು ಅಲ್ಲೇ ಉಳಿದವನು ಪಾಸ್ಕಲ್. ಅವನು ಜಯಕರನಿಗೆ ಕಲಿಸಿದ ವಿದ್ಯೆಗೆ ಜಾಝ್ ಎಂದು ಹೆಸರು. ಊರಿನವರು ಅದನ್ನು ಕ್ಲಬ್ಬಿನ ವಾದ್ಯ ಎನ್ನುತ್ತಿದ್ದರು. ಮೊದಲು ಮಟ್ಟನ್ನು ನೆಟ್ಟಗೆ ಹೇಳು, ಆಮೇಲೆ ಅದರ ಕೈಬಿಡು, ಎಲ್ಲಿ ಬೇಕೋ ಅಲೆದು ಬರಲಿ, ಬರುವಾಗ ಮನೆಯ ಬಾಗಿಲು ಮಾತ್ರ ತೆರೆದಿರಲಿ. ಪಾಸ್ಕಲ್ ಕಲಿಸಿದ್ದು ಇಷ್ಟೆ. ಕಂಪನಿ ಹೋಯಿತು, ದೊರೆಗಳು ಹೋದರು, ಪಾಸ್ಕಲ್ ಇಗರ್ಜಿಯ ಹಿತ್ತಿಲಲ್ಲಿ ಮಣ್ಣಾದ. ಪಿಯಾನೊ ಮಾತ್ರ ಹಜಾರದಲ್ಲೇ ನಿಂತಿತು, ಅದರ ಮುಂದೆ ಜಯಕರ ಕುಳಿತ. ಮದುವೆಯಾಗಲಿಲ್ಲ. ಹಗಲೆಲ್ಲ ನುಡಿಸುತ್ತಿದ್ದ, ನುಡಿಸಿದ್ದು ಅಂದಂದೇ ಕಿಟಕಿ ದಾಟಿ ಹೋಗುತ್ತಿತ್ತು. ಊಟಕ್ಕೆ ಅಕ್ಕನ ಮನೆಗೆ ಬರುತ್ತಿದ್ದ. ಕೃಪಾವತಿಯ ಗಂಡ ತೀರಿಕೊಂಡ ಮೇಲೆ ಅಲ್ಲೇ ಉಳಿದ.

ಅಕ್ಕ ತಮ್ಮಂದಿರ ನಡುವೆ ಚಿಕ್ಕಂದಿನ ಒಂದು ಅಭ್ಯಾಸವಿತ್ತು. ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕೆಂಬುದು ಎಲ್ಲ ಕಡೆಯ ನಿಯಮ. ಹೂಂಗುಟ್ಟದಿದ್ದರೆ ಕಥೆ ಒಂಟಿಕಾಲಲ್ಲಿ ನಿಂತುಬಿಡುತ್ತದೆ. ಆ ಮನೆಯಲ್ಲಿ ಕಥೆ ಹೇಳುತ್ತಿದ್ದವನು ತಮ್ಮ, ಹೂಂಗುಟ್ಟುತ್ತಿದ್ದವಳು ಅಕ್ಕ. ಅವನು ಪ್ರತಿ ಕಥೆಯಲ್ಲೂ ನಡುವೆ ದಾರಿ ತಪ್ಪಿ ಬಾಯಿ ತೆರೆದು ಕೂರುತ್ತಿದ್ದ. “ಹೂಂ, ಆಮೇಲೆ?” ಎನ್ನುತ್ತಿದ್ದಳು ಅಕ್ಕ. ಅಷ್ಟಕ್ಕೆ ಎಲ್ಲಿಂದಲೋ ಒಂದು ಮೊಸಳೆಯೋ, ಕುಂಟ ರಾಜನೋ ಬಂದು ಕಥೆಯನ್ನು ಎತ್ತಿಕೊಂಡು ಮುಂದೆ ನಡೆಯುತ್ತಿತ್ತು.

ಒಂದು ದಿನ ಕೃಪಾವತಿ ಹಿತ್ತಿಲಿನ ಕಲ್ಲಿನ ಮೇಲೆ ಬಂಗುಡೆ ಮೀನಿನ ಹುರುಪೆ ಸವರುತ್ತಿದ್ದಾಗ ಜಯಕರ ಬಂದು ಬಾವಿಕಟ್ಟೆಯ ಮೇಲೆ ಕುಳಿತ.

“ಅಕ್ಕ, ಒಂದು ಆಲ್ಬಂ ಮಾಡ್ಬೇಕಂತ ಉಂಟು.”

“ಆಲ್ಬಮ್ಮಾ? ಫೋಟೋ ಹಾಕ್ಲಿಕ್ಕೆ ಈಗ ಮದುವೆ ಯಾರದ್ದು? ನಿಂದಾ?”

“ಮಟ್ಟಿನ ಆಲ್ಬಂ ಮಾರಾಯ್ತಿ. ಏಳು ಮಟ್ಟು. ಹಸನಬ್ಬ ಕ್ಯಾಸೆಟ್ ಮಾಡಿ ಕೊಡ್ತಾನಂತೆ.”

“ಅಷ್ಟು ಬುದ್ಧಿ ಈಗಲಾದ್ರೂ ಬಂತಲ್ಲ. ಮೀನು ಒಲೆಗಿಟ್ಟ ಕೂಡ್ಲೇ ಹುರಿಗೆ ಕೂತ್ಕೊಳ್ತೇನೆ. ಒಂದೊಂದಾಗಿ ಹೇಳ್ತಾ ಹೋಗು.”

“ಹುರಿ ಬೇಡ.”

ಕೃಪಾವತಿ ಕತ್ತಿಯನ್ನು ಕೆಳಗಿಟ್ಟಳು. “ಹುರಿ ಬೇಡಾಂದ್ರೆ? ಒಂದು ಸಲ ಹಾಕಿದ ಕೂಡ್ಲೇ ಎಲ್ಲ ಎದ್ದು ಹೋಗ್ತದೆ. ಆಮೇಲೆ ಕ್ಯಾಸೆಟ್ಟಲ್ಲಿ ಎಂತ ಉಳೀತದೆ?”

“ಟೇಪು.”

“ಟೇಪನ್ನು ಯಾರು ತಗೊಳ್ತಾರೆ?”

“ಒಂದು ಸಲ ಕೇಳುವವರು.” ಅವನು ಎಡಗೈಯನ್ನು ಅವಳ ಮುಂದೆ ಚಾಚಿದ. ಕಿರುಬೆರಳೂ ಉಂಗುರಬೆರಳೂ ಏನನ್ನೋ ಬಚ್ಚಿಟ್ಟುಕೊಂಡಂತೆ ಅಂಗೈಯತ್ತ ಮಡಿಚಿದ್ದವು. ಅವನು ಬಲಗೈಯಿಂದ ಬಿಡಿಸಿದ. ಅವು ಮೆಲ್ಲಗೆ ಮತ್ತೆ ಮಡಿಚಿಕೊಂಡವು. “ಇದು ಇನ್ನು ಸರಿಯಾಗಿ ತೆರೆಯುದಿಲ್ಲಂತೆ. ಡಾಕ್ಟ್ರು ಹೇಳಿದ್ರು. ಬರುವ ಮಳೆಗಾಲದ ಒಳಗೆ ಪೂರ್ತಿ ಮುಚ್ತದೆ.”

“ಹಾಗಾದ್ರೆ ಹುರಿ ಬೇಕೇ ಬೇಕಲ್ಲ. ನಿನ್ನ ಕೈ ನಿಂತ ದಿನ ಏಳೂ ಹೋಯ್ತು. ನೀನೇ ಮತ್ತೆ ಅದನ್ನು ಕೇಳ್ಲಿಕ್ಕಿಲ್ಲ.”

“ಹೋಗ್ಲಿ. ಕಟ್ಟಿ ಇಡುದಕ್ಕಿಂತ ಹೋಗುದೇ ಒಳ್ಳೇದು.” ಬಾವಿಯೊಳಗೆ ನೋಡುತ್ತ ಹೇಳಿದ: “ನನ್ನ ಮೊದಲನೇ ಮಟ್ಟು ನೀನು ಕಟ್ಟಿದ್ದಿ. ನೆನಪುಂಟಾ?”

ನೆನಪಿಲ್ಲದೆ ಏನು. ‘ಕಡವಿನ ದೋಣಿ ಕಾಯುವುದಿಲ್ಲ, ಕಾಯುವವರು ನಾವೇ’ ಎಂಬ ಆ ಹಾಡನ್ನು ಊರಿನ ಶಾಲೆಯಲ್ಲಿ ಮಕ್ಕಳು ಕಲಿಯುತ್ತಾರೆ, ಗದ್ದೆಯಲ್ಲಿ ನೇಜಿ ನೆಡುವವರು ಹಾಡುತ್ತಾರೆ, ದೋಣಿಯವನಂತೂ ಪ್ರಯಾಣಿಕರಿಗೆ ಉತ್ತರವಾಗಿ ಅದನ್ನೇ ಹೇಳುತ್ತಾನೆ. ಕೃಪಾವತಿಯ ಜೀವಮಾನದ ಹುರಿಗಳಲ್ಲಿ ಅದೇ ಗಟ್ಟಿ ಎಂದು ಹತ್ತೂರಿನಲ್ಲಿ ಹೆಸರು.

“ಅದನ್ನು ನಾನು ಆಮೇಲೆ ಒಂದು ದಿನವೂ ನುಡಿಸ್ಲಿಲ್ಲ,” ಎಂದ ಜಯಕರ. “ಕೈ ಇಟ್ಟ ಕೂಡ್ಲೇ ಬೆರಳು ನಿನ್ನ ಮಾತಿನ ಹಿಂದೆಯೇ ಹೋಗ್ತದೆ. ಆಚೆ ಒಂದು ದಾರಿ ಇತ್ತು, ಈಚೆ ಒಂದು ದಾರಿ ಇತ್ತು. ಎಲ್ಲ ಮುಚ್ಚಿಹೋಯ್ತು.”

ಈ ಮಾತನ್ನು ಅವನು ಅಷ್ಟು ವರ್ಷ ಹೇಳಿರಲಿಲ್ಲ. ಹೇಳಿದಾಗಲೂ ದೂರುವ ದನಿಯಿರಲಿಲ್ಲ. ಬಾವಿಯ ನೀರು ಇಳಿದಿದೆ ಎಂಬಂತೆ ಹೇಳಿದ. ಕೃಪಾವತಿ ಒಂದು ಬಂಗುಡೆಯನ್ನು ಎತ್ತಿಕೊಂಡು, ಆಗಲೇ ಸವರಿಯಾಗಿದ್ದ ಅದನ್ನು ಮತ್ತೊಮ್ಮೆ ಸವರಿದಳು.

“ಆಯ್ತು,” ಎಂದಳು. “ಬಾಯಿ ಮುಚ್ಚಿಕೊಳ್ತೇನೆ.”

ಹೇಳಿದಷ್ಟು ಸುಲಭವಾಗಿರಲಿಲ್ಲ. ಜಯಕರ ದಿನವೂ ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ಕುಳಿತ. ಬುತ್ತಿ ಕೊಂಡೊಯ್ದ ಕೃಪಾವತಿ ಅವನು ಉಣ್ಣುವವರೆಗೆ ಅಲ್ಲಿರಬೇಕಾಗುತ್ತಿತ್ತು. ಮಟ್ಟು ಕಿವಿಗೆ ಬಿದ್ದರೆ ಮಾತು ತಾನಾಗಿಯೇ ನಾಲಿಗೆಗೆ ಬರುವುದು ಆ ಮನೆತನದ ಹುಟ್ಟುಗುಣ. ಐದನೆಯ ಮಟ್ಟಿಗೆ ‘ಅಕ್ಕಿಯೊಳಗಿನ ಕಲ್ಲೇ, ನೀನು ಅಕ್ಕಿಯಂತೆ ಬೆಂದೆಯಾ’ ಎಂಬ ಮಾತು ಅಳತೆ ತೆಗೆದು ಹೊಲಿದಂತೆ ಬಂದು ಹಲ್ಲಿನ ಹಿಂದೆ ನಿಂತಿತು. ಅವಳು ಅದನ್ನು ನುಂಗಿದಳು. ಅದರ ಮರುದಿನದಿಂದ ಬುತ್ತಿಯ ಜೊತೆಗೆ, ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿಯ ಭರಣಿಯನ್ನೂ ಒಯ್ಯತೊಡಗಿದಳು. ಬಾಯಲ್ಲಿ ಒಂದು ನೆಲ್ಲಿಕಾಯಿಯಿದ್ದರೆ ಮಾತು ಬಂದರೂ ಕೂರಲು ಜಾಗವಿರುವುದಿಲ್ಲ.

ಆಲ್ಬಮ್ಮಿನ ಹೊದಿಕೆ ಅಚ್ಚು ಹಾಕಿಸುವಾಗ ಇನ್ನೊಂದು ತೊಡಕು ಬಂತು. ಮಟ್ಟಿಗೆ ಹೆಸರಿಟ್ಟರೆ ಆ ಹೆಸರೇ ಅರ್ಧ ಹುರಿಯಾಗುತ್ತದೆ ಎಂದು ಜಯಕರ ಹೆಸರುಗಳನ್ನೂ ಒಪ್ಪಲಿಲ್ಲ. ಕೊನೆಗೆ ಒಂದು ಚುಕ್ಕಿ, ಎರಡು ಚುಕ್ಕಿ, ಹೀಗೆ ಏಳರವರೆಗೆ ಚುಕ್ಕಿಯಿಟ್ಟು ಅಚ್ಚಾಯಿತು. “ಡೊಮಿನೊ ಆಟದ ಡಬ್ಬಿ ಅಂತ ತಿಳ್ಕೊಂಡು ತಗೊಳ್ತಾರೆ ಬಿಡಿ ಮಾಸ್ಟ್ರೇ,” ಎಂದರಂತೆ ಹಸನಬ್ಬ.

ಧ್ವನಿ ಹಿಡಿಯುವ ದಿನ ಹಜಾರದ ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಹೊದಿಸಿದರು. ಒಳಗಿದ್ದವರು ಮೂವರೇ. ಹಸನಬ್ಬ ಊರಿನ ಎಲ್ಲ ಮದುವೆಗಳಿಗೂ, ಉರೂಸಿಗೂ, ಚುನಾವಣೆಗೂ ಮೈಕು ಕಟ್ಟಿದವರು; ಗುಂಡಿ ಒತ್ತಿದ ಕೂಡಲೇ ‘ಹಲೋ, ಮೈಕ್ ಟೆಸ್ಟಿಂಗ್’ ಎನ್ನದೆ ಅವರ ಕೈ ಬಾಯಿ ಎರಡೂ ಕೇಳುತ್ತಿರಲಿಲ್ಲ. ಹಾಗಾಗಿ ತಮ್ಮ ಬಾಯಿಗೆ ತಾವೇ ಟವಲು ಬಿಗಿದುಕೊಂಡರು. ಕೃಪಾವತಿ ಗೋಡೆ ಬದಿಯ ಬೆತ್ತದ ಕುರ್ಚಿಯಲ್ಲಿ ಕುಳಿತು ನೆಲ್ಲಿಕಾಯಿ ಬಾಯಿಗೆ ಹಾಕಿಕೊಂಡಳು. ಹೊರಗೆ ಹೋಗೆಂದು ಜಯಕರ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ.

ಆರು ಮಟ್ಟುಗಳು ಒಂದರ ಹಿಂದೊಂದು ಬಂದು, ಟೇಪಿನಲ್ಲಿ ತಮ್ಮ ಅಚ್ಚು ಬಿಟ್ಟು, ಗೋಣಿಯ ಸಂದಿಯಿಂದ ಹೊರಗೆ ಹೋದವು. ಮೂರನೆಯದು ಮಾತ್ರ ಹೋಗುವ ಮೊದಲು ಹಜಾರವನ್ನು ಒಂದು ಸುತ್ತು ಬಂತು. ಪಿಯಾನೊದ ಒಂದೆರಡು ಸ್ವರದ ಮನೆಗಳು ಉಪ್ಪುಗಾಳಿಗೆ ಅಂಟಿಕೊಂಡಿದ್ದವು. ಜಯಕರ ಅವನ್ನು ಕೆಸರಿನ ಹೊಂಡ ದಾಟುವಂತೆ ದಾಟುತ್ತಿದ್ದ, ಆ ದಾಟುವಿಕೆಯೇ ಮಟ್ಟಿಗೆ ಒಂದು ಕುಣಿತ ಕೊಡುತ್ತಿತ್ತು.

ಏಳನೆಯದು ನಿಧಾನದ್ದು. ಹೊಳೆಯ ದಡದಲ್ಲಿ ಒಬ್ಬನೇ ಮನೆಗೆ ಹೋಗುವವನ ಹಾಗೆ ನೆಟ್ಟಗೆ ಹೊರಟಿತು. ಎಡಗೈ ಒಂದೇ ನಡಿಗೆಯಲ್ಲಿ ಕೆಳಗೆ ಕೆಳಗೆ ಇಳಿಯುತ್ತಿತ್ತು, ಬಲಗೈ ಮೇಲೆ ಅಲ್ಲಲ್ಲಿ ನಿಂತು ನೋಡುತ್ತಿತ್ತು. ಅಲೆಯಲು ಕೈಬಿಡಬೇಕಾದ ತಿರುವು ಬಂದಾಗ, ಅಷ್ಟು ಹೊತ್ತು ಹೇಗೋ ತೆರೆಯುತ್ತಿದ್ದ ಎಡಗೈಯ ಕಿರುಬೆರಳೂ ಉಂಗುರಬೆರಳೂ ತೆರೆಯಲಿಲ್ಲ. ತಳದ ಸ್ವರ ಬರಲಿಲ್ಲ. ಬಲಗೈಯೂ ನಿಂತಿತು. ಹಜಾರದಲ್ಲಿ ಟೇಪು ಸುತ್ತುವ ಸರಸರ ಮಾತ್ರ ಉಳಿಯಿತು. ಹಸನಬ್ಬ ಟವಲಿನ ಮೇಲಿನಿಂದ ಹುಬ್ಬೇರಿಸಿ ನೋಡಿದರು. ಜಯಕರ ಬಾಯಿ ತೆರೆದು ಕುಳಿತಿದ್ದ.

“ಹೂಂ, ಆಮೇಲೆ?” ಎಂದಳು ಕೃಪಾವತಿ.

ನೆಲ್ಲಿಕಾಯಿ ಎಲ್ಲಿತ್ತು ಎಂಬ ಬಗ್ಗೆ ಎರಡು ಹೇಳಿಕೆಗಳಿವೆ. ಅವಳು ಅದನ್ನು ಅಂಗೈಗೆ ಉಗುಳಿ, ಬೇಕೆಂದೇ ಮಾತಾಡಿದಳು ಎಂಬುದು ಹಸನಬ್ಬನವರದು. ಕಣ್ಣಾರೆ ಕಂಡೆ ಎನ್ನುತ್ತಾರೆ. ಅದು ಐದನೆಯ ಮಟ್ಟಿನ ಹೊತ್ತಿಗೇ ಕರಗಿ ಬೀಜ ಮಾತ್ರ ಉಳಿದಿತ್ತು, ತಾನು ಮಾತಾಡಿದ್ದು ತನಗೇ ಗೊತ್ತಿರಲಿಲ್ಲ ಎಂಬುದು ಕೃಪಾವತಿಯಮ್ಮನವರದು. ಆದ ಸಂಗತಿಯಲ್ಲಿ ಇಬ್ಬರಿಗೂ ಭಿನ್ನಮತವಿಲ್ಲ: ಆ ಮಾತು ಬಿದ್ದೊಡನೆ ಜಯಕರನ ಬಲಗೈ ಎದ್ದಿತು, ಎಡಗೈ ಉಳಿದ ಮೂರು ಬೆರಳುಗಳಲ್ಲೇ ಬೇರೊಂದು ಕಾಲುದಾರಿ ಹಿಡಿಯಿತು, ಮಟ್ಟು ಎಲ್ಲೋ ಸುತ್ತಿಕೊಂಡು ಬಂದು ತೆರೆದ ಬಾಗಿಲಿನಿಂದ ಮನೆ ಸೇರಿತು.

ಹಸನಬ್ಬ ಗುಂಡಿ ಒತ್ತಿ ಟವಲು ಬಿಚ್ಚಿದರು. ಜಯಕರ ಪಿಯಾನೊದ ಮುಚ್ಚಳ ಹಾಕಿದ.

“ಕಟ್ಟಿದ್ದಿ,” ಎಂದ.

“ನಾನಾ? ಎಂತ ಕಟ್ಟಿದೆ?”

“ಮಾತಾಡಿದ್ದಿ ಅಕ್ಕ. ಒಂದೇ ಒಂದು ಕೇಳಿದ್ದೆ ನಿನ್ನ ಹತ್ರ.”

ಅವಳು ಹಸನಬ್ಬನ ಮುಖ ನೋಡಿದಳು. ಅವರು ಹೌದೆಂದು ತಲೆಯಾಡಿಸಿದರು. ಜಯಕರ ಮತ್ತೆ ಮುಚ್ಚಳ ತೆರೆದು ಏಳನೆಯದನ್ನು ಮೊದಲಿಂದ ಹಿಡಿಯಲು ನೋಡಿದ. ಬೆರಳು ಆಗಲೂ ತೆರೆಯಲಿಲ್ಲ, ಮರುದಿನವೂ ತೆರೆಯಲಿಲ್ಲ, ಅದರಾಚೆಗೂ ತೆರೆಯಲಿಲ್ಲ.

“ಏಳನೇದು ಕತ್ತರಿಸಿ ಬಿಸಾಡು,” ಎಂದ ಹಸನಬ್ಬನಿಗೆ.

“ಅದೊಂದು ಆಗ್ಲಿಕ್ಕಿಲ್ಲ ಮಾಸ್ಟ್ರೇ. ಬಿ ಸೈಡು ಅರ್ಧಕ್ಕೆ ನಿಂತ್ರೆ ಜನ ಟೇಪು ಸಿಕ್ಕಿ ಹಾಕ್ಕೊಂಡಿತು ಅಂತ ಪೆನ್ಸಿಲು ಹಿಡ್ಕೊಂಡು ನನ್ನ ಅಂಗಡಿಗೇ ಬರ್ತಾರೆ. ಅಷ್ಟಕ್ಕೂ ಏಳು ಚುಕ್ಕಿ ಅಚ್ಚಾಗಿ ಹೋಗಿದೆ.”

“ಎಂತ ಬೇಕಾದ್ರೂ ಮಾಡು.”

ಆ ಮೇಲೆ ಅವನು ಅಕ್ಕನೊಡನೆ ಮಾತು ಬಿಟ್ಟ. ಬಡಿಸಿದರೆ ಉಣ್ಣುತ್ತಿದ್ದ, ಸಾಕಾದರೆ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಊರೆಲ್ಲದಕ್ಕೂ ಮಾತು ಹೊಸೆಯುವ ಮನೆಯಲ್ಲಿ ಮಾತಿಗೇ ಬರ ಎಂದು ಮೀನುಪೇಟೆಯಲ್ಲಿ ಆಡಿಕೊಂಡರು. ಕೃಪಾವತಿಗೆ ಅದು ಕೇಳಿಸಿತು; ಅವಳು ತೂಕಕ್ಕೆ ಸರಿಯಾಗಿ ಸಿಗಡಿ ತೆಗೆದುಕೊಂಡು ಬಂದಳು.

ಹಸನಬ್ಬ ಅಂಗಡಿಯ ಯಂತ್ರದಲ್ಲಿ ಕ್ಯಾಸೆಟ್ಟಿನ ನಕಲುಗಳನ್ನು ತೆಗೆದರು. ಆ ಯಂತ್ರ ಸದ್ದಿಲ್ಲದೆ ನಕಲು ಮಾಡುತ್ತದೆ. ಸದ್ದಾಗದಿದ್ದರೆ ಮಟ್ಟು ಹೋಗುವುದಿಲ್ಲ. ಹಾಕಿದ ದಿನ ಒಂದೇ ಸಲ ಕೇಳಲು ಸಿಗುತ್ತದೆ ಎಂದು ತಿಳಿದೂ ಜನ ಕೊಂಡರು. ಹಾಗೆ ಕೊಂಡವರು ತಮ್ಮ ತಮ್ಮ ಅನುಕೂಲ ನೋಡಿಕೊಂಡರು. ದೋಣಿಯವನು ಮಗಳ ಬಾಣಂತನದ ಕೋಣೆಯ ಹೊರಗೆ ಕುಳಿತು ಕಾಯುವಾಗ ಹಾಕಿದ. ಶಾಲೆಯ ಮೇಷ್ಟ್ರು ಹೆಂಡತಿ ತವರಿಗೆ ಹೋಗುವುದನ್ನೇ ಕಾದು ಹಾಕಿದರು. ಒಬ್ಬ ಅಜ್ಜಿ ಮಾತ್ರ ಹಾಕಲೇ ಇಲ್ಲ. ಕ್ಯಾಸೆಟ್ಟನ್ನು ದಿಂಬಿನಡಿ ಇಟ್ಟುಕೊಂಡು, ‘ಒಳಗೆ ಉಂಟಲ್ಲ, ಸಾಕು’ ಎಂದಳಂತೆ.

ಕೆಲವು ವಾರ ಊರಿನಲ್ಲಿ ಎಲ್ಲಿ ನೋಡಿದರೂ ಜಯಕರನ ಮಟ್ಟುಗಳು. ಒಂದೇ ಮಟ್ಟಿನ ಎರಡು ನಕಲುಗಳು ಮೀನುಪೇಟೆಯ ತಿರುವಿನಲ್ಲಿ ಎದುರಾಗಿ, ಅರ್ಧ ಹೆಜ್ಜೆ ಹಿಂದೆ ಮುಂದಾಗಿ ಒಟ್ಟಿಗೆ ನಡೆದವು. “ಮಾಸ್ಟ್ರ ಮೂರು ಚುಕ್ಕಿದು ಬರ್ತಾ ಉಂಟು, ಬುಟ್ಟಿ ಜರುಗಿಸಿ,” ಎಂದು ನಡಿಗೆಯಲ್ಲೇ ಗುರುತಿಸಿ ಮೀನಿನವರು ದಾರಿ ಬಿಟ್ಟರು. ನಾಲ್ಕು ಚುಕ್ಕಿಯದು ದೂರ ಹೋಗಿ, ಲಾಂಚಿನ ಎಂಜಿನ್ನಿನ ಡುಗುಡುಗು ಮೈಗೆ ಮೆತ್ತಿಕೊಂಡು ಮರಳಿತು. ಜಯಕರ ಜಗಲಿಯಲ್ಲಿ ಕುಳಿತು ದಾಟಿಹೋಗುವವುಗಳನ್ನು ಕೇಳುತ್ತಿದ್ದ. ಆಗ ಅವನ ಮುಖ ತಿಳಿಯಾಗುತ್ತಿತ್ತು. ನಿಧಾನವಾಗಿ ಅವು ವಿರಳವಾದವು, ಘಟ್ಟ ಹತ್ತಿಯೋ ಕಡಲು ದಾಟಿಯೋ ಹೋದವು.

ಆಗ ಪಕ್ಕದ ಮನೆಯ ಚಂದ್ರಭಾಗಿ ಬಂದಳು. ಹೊಲಿಗೆಯವಳು, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಳು.

“ಕೃಪಕ್ಕ, ನನ್ನ ಕ್ಯಾಸೆಟ್ಟಿನ ಆರು ಹೋದವು. ಏಳು ಚುಕ್ಕಿದು ಅಲ್ಲೇ ಉಂಟು.”

“ಹುರಿ ಬಿದ್ದದ್ದು ಎಲ್ಲಿಗೆ ಹೋಗ್ತದೆ? ನನ್ನ ಹಾಳು ಬಾಯಿಂದ ಆದದ್ದು.”

“ನಾನು ಹೇಳುದು ಅದಲ್ಲ. ನಿಮ್ಮ ‘ಆಮೇಲೆ’ ಉಂಟಲ್ಲ, ಅಲ್ಲಿವರೆಗೆ ದಿನಾ ಒಂದೇ ರೀತಿ. ಅಲ್ಲಿಂದ ಮುಂದೆ ನಿನ್ನೆ ಒಂದು ಕಡೆ ಹೋಯ್ತು, ಇವತ್ತು ಇನ್ನೊಂದು ಕಡೆ. ಮೊನ್ನೆಯಂತೂ ಎಷ್ಟು ಹೊತ್ತು ಬರ್ಲೇ ಇಲ್ಲ. ನಾನು ಅನ್ನ ಬಸಿದು ಬಂದ ಮೇಲೆ ಮನೆ ಸೇರಿತು.”

“ನಿನಗೆ ಭ್ರಾಂತು.”

“ಭ್ರಾಂತಾದ್ರೆ ನೀವೂ ಬಂದು ಪಡೀರಿ.”

ಕೃಪಾವತಿ ಹೋಗಿ, ಅರೆ ಹೊಲಿದ ರವಿಕೆಗಳ ನಡುವೆ ಕುಳಿತು ಕೇಳಿದಳು. ಎರಡನೆಯ ಸಲ ಕೇಳಿದಳು. ಚಂದ್ರಭಾಗಿ ಹೇಳಿದ್ದು ನಿಜ. ತನ್ನದೇ ದನಿ ಕೇಳುತ್ತಿತ್ತು, ಮಟ್ಟು ಅಲ್ಲಿಂದೆದ್ದು ಪ್ರತಿ ಸಲವೂ ಹೊಸ ದಾರಿಯಲ್ಲಿ ಅಲೆದು ಹೊಸ ದಾರಿಯಲ್ಲೇ ಬರುತ್ತಿತ್ತು. ಬರುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಅವಳು ಅಂದಿನವರೆಗೆ ಹೊಸೆದ ಹುರಿಗಳೆಲ್ಲ ಗೂಟಕ್ಕೆ ಕಟ್ಟುವಂಥವು: ದೋಣಿ ಕಾಯುವುದಿಲ್ಲ, ಬೆಕ್ಕು ನೋಡುತ್ತಾ ಉಂಟು. ಈ ಹುರಿಗೆ ಗೂಟವಿರಲಿಲ್ಲ. ಒಂದು ತುದಿ ಮಟ್ಟಿನಲ್ಲಿತ್ತು, ಇನ್ನೊಂದು ತುದಿಯನ್ನು ಯಾರೋ ಕೈಯಲ್ಲಿ ಸಡಿಲವಾಗಿ ಹಿಡಿದುಕೊಂಡಿದ್ದರು.

ಅದನ್ನು ತಮ್ಮನಿಗೆ ಹೇಳೋಣವೆಂದರೆ ಅವಳೊಡನೆ ಅವನಿಗೆ ಮಾತಿಲ್ಲ. ಹಸನಬ್ಬ ಹೋಗಿ ಹೇಳಿದರು.

“ಕಟ್ಟಿದ್ದನ್ನು ನಾನು ಕೇಳುದಿಲ್ಲ,” ಎಂದ ಜಯಕರ.

“ಕಟ್ಟಿದ್ದು ಹೌದು ಮಾಸ್ಟ್ರೇ, ಆದ್ರೆ ಅದು ಮೇಯ್ತಾ ಉಂಟು.”

“ನೀನು ಮೈಕು ಕಟ್ಟು ಹೋಗು.”

ಮಳೆ ಹಿಡಿದ ಮೇಲೆ ಅವನ ಎಡಗೈ ಪೂರ್ತಿ ಮುಚ್ಚಿತು. ಒಂದು ಮಧ್ಯಾಹ್ನ ಕೊಡೆ ಹಿಡಿದು ಕ್ಲಬ್ಬಿಗೆ ಹೋದ. ಕೃಪಾವತಿ ಬುತ್ತಿಯ ನೆಪದಲ್ಲಿ ಹಿಂದೆ ಹೋಗಿ ಬಾಗಿಲಲ್ಲಿ ನಿಂತಳು. ಅವನು ಬಲಗೈಯನ್ನು ಪಿಯಾನೊದ ಮೇಲಿಟ್ಟು ಕುಳಿತಿದ್ದ. ಒಂದು ಸ್ವರ ಒತ್ತಿದ, ಅದರ ಪಕ್ಕದ್ದನ್ನು ಒತ್ತಿದ, ತಲೆ ವಾಲಿಸಿ ಕೇಳಿದ. ಒಂದು ಚುಕ್ಕಿಯದು ಬರಲಿಲ್ಲ. ಎರಡರದು ಬರಲಿಲ್ಲ. ಎರಡು ಕೈ ಕೂಡಿ ಬಲ್ಲದ್ದನ್ನು ಒಂದು ಕೈ ಒಂಟಿಯಾಗಿ ಅರಿತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಎದ್ದು, ಸ್ಟೂಲನ್ನು ಒಳಕ್ಕೆ ತಳ್ಳಿ, ಅಕ್ಕನನ್ನು ದಾಟಿಕೊಂಡು ಮನೆಗೆ ಬಂದ. ಕೊಡೆಯನ್ನು ಅಲ್ಲೇ ಮರೆತಿದ್ದ. ಅವಳು ಅದನ್ನು ಬಿಚ್ಚದೆ ಕೈಯಲ್ಲಿ ಹಿಡಿದು, ಅವನ ಹಿಂದೆ ನೆನೆದುಕೊಂಡು ಬಂದಳು.

ಮನೆಯಲ್ಲಿ ಅವನು ತಲೆ ಒರೆಸಿಕೊಂಡು ಗೋಡೆಗೊರಗಿ ಕುಳಿತ. ಕೃಪಾವತಿ ಚಹಾ ಮಾಡಿ ಅವನ ಮುಂದಿಟ್ಟಳು. ಒಳಗಿನಿಂದ ಟೇಪ್ ರೆಕಾರ್ಡರು ತಂದು ಲೋಟದ ಪಕ್ಕ ಇಟ್ಟಳು. ಕ್ಯಾಸೆಟ್ಟನ್ನು ಏಳನೆಯದಕ್ಕೆ ಸುತ್ತಿಯೇ ತಂದಿದ್ದಳು. ಗುಂಡಿ ಒತ್ತಿ, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

ಜಯಕರನ ಬಲಗೈ ನಿಲ್ಲಿಸುವ ಗುಂಡಿಯತ್ತ ಹೋಯಿತು. ಆದರೆ ಆಗಲೇ ಮಟ್ಟು ಹೊರಟಿತ್ತು. ಎಡಗೈ ಕೆಳಗೆ ಕೆಳಗೆ ಇಳಿಯುತ್ತಿತ್ತು, ತನ್ನದೇ ಎಡಗೈ, ಎಲ್ಲ ಬೆರಳು ತೆರೆದದ್ದು. ಅವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದ. ತಿರುವು ಬಂತು. ಸದ್ದು ನಿಂತಿತು. ಟೇಪಿನ ಸರಸರ ಕೇಳಿತು, ಹೊರಗೆ ಮಳೆಯ ಸದ್ದು ಅದರೊಳಗೆ ಸೇರಿಕೊಂಡಿತು.

‘ಹೂಂ, ಆಮೇಲೆ?’ ಎಂದಿತು ಅಕ್ಕನ ದನಿ.

ಮಟ್ಟು ಎದ್ದಿತು. ಅವನು ಅಂದು ಹಿಡಿದಿದ್ದ ಕಾಲುದಾರಿಯನ್ನು ಹಿಡಿಯಲಿಲ್ಲ. ಉಪ್ಪಿನ ಗದ್ದೆಯ ಬದುವಿನ ಮೇಲೆ ನಡೆಯುವವರ ಹಾಗೆ ಒಂದೊಂದೇ ಹೆಜ್ಜೆ ಅಳೆದು ನಡೆಯಿತು, ಒಂದು ಕಡೆ ಜಾರಿತು, ಜಾರಿದ್ದನ್ನೇ ಎರಡು ಸಲ ಮಾಡಿ ತೋರಿಸಿತು. ಜಯಕರನ ಬಲಗೈ ಗುಂಡಿಯಿಂದ ಇಳಿದು ಮೊಣಕಾಲಿನ ಮೇಲೆ ಅದರ ಹಿಂದೆ ಹಿಂದೆ ಓಡಿತು. ಸ್ವಲ್ಪ ದೂರ ಹೋಗಿ, ಹಿಡಿಯಲಾರದೆ ನಿಂತಿತು. ಆ ಮೇಲೆ ಅವನು ಬರಿದೇ ಕೇಳಿದ. ಮಟ್ಟು ಕಡವಿನ ಹತ್ತಿರ ಬಂದು, ಆ ಹಳೆಯ ದೋಣಿಯ ಹಾಡಿನ ಒಂದು ಸಾಲನ್ನು, ಅವನ ಮೊದಲನೆಯ ಮಟ್ಟಿನ ಒಂದು ಸಾಲನ್ನು, ದಾರಿಯಲ್ಲಿ ಸಿಕ್ಕಿದ ಪರಿಚಿತರನ್ನು ಮಾತಾಡಿಸುವಂತೆ ಮುಟ್ಟಿತು. ಅಲ್ಲಿ ನಿಲ್ಲಲಿಲ್ಲ. ಅದರ ಆಚೆಯ ದಾರಿಯಲ್ಲಿ ಸ್ವಲ್ಪ ಹೋಯಿತು, ಈಚೆಯ ದಾರಿಯಲ್ಲಿ ಸ್ವಲ್ಪ ಹೋಯಿತು, ತಿರುಗಿ ಮನೆಗೆ ಬಂತು.

ಟೇಪು ಟಕ್ಕೆಂದು ನಿಂತಿತು.

“ಇದು ನಾನು ನುಡಿಸಿದ್ದಲ್ಲ,” ಎಂದ ಜಯಕರ. ಎಷ್ಟೋ ವಾರಗಳ ನಂತರ ಅಕ್ಕನೆದುರು ಅವನು ಆಡಿದ ಮೊದಲನೆಯ ಮಾತು.

“ಮತ್ತೆ ಯಾರು ನುಡಿಸಿದ್ದು? ನಾನಾ?”

ಅವನು ಮುಚ್ಚಿದ ಎಡಗೈಯನ್ನು ಬಲಗೈಯ ಒಳಗಿಟ್ಟುಕೊಂಡು ಕುಳಿತಿದ್ದ.

“ಇನ್ನೊಂದ್ಸಲ ಹಾಕು,” ಎಂದ.

“ಚಾ ಆರ್ತದೆ.”

“ಆರ್ಲಿ ಅಕ್ಕ.”

ಅವಳು ಟೇಪನ್ನು ಹಿಂದಕ್ಕೆ ಸುತ್ತಿದಳು. ಈ ಸಲ ಅಡುಗೆಮನೆಗೆ ಹೋಗದೆ ಅಲ್ಲೇ, ಅವನ ಪಕ್ಕದ ಗೋಡೆಗೆ ಒರಗಿ ಕುಳಿತಳು. ಮಟ್ಟು ನೆಟ್ಟಗೆ ಹೊರಟಿತು, ಇಳಿಯಿತು, ನಿಂತಿತು. ಟೇಪು ಸರಸರ ಎಂದಿತು.

“ಹೂಂ,” ಎಂದ ಜಯಕರ ಮೆಲ್ಲಗೆ. “ಆಮೇಲೆ?”

ಟೇಪಿನೊಳಗಿನ ತನ್ನ ದನಿ, ಅವನು ‘ಆಮೇಲೆ?’ ಎಂದು ಕೇಳಿ ಮುಗಿಸುವವರೆಗೆ ತಡೆದು, ಆ ಮೇಲೆ ಬಂತು ಎಂದು ಕೃಪಾವತಿಯಮ್ಮ ಹೇಳುತ್ತಾರೆ. ಹಸನಬ್ಬ ಇದನ್ನು ಒಪ್ಪುವುದಿಲ್ಲ. ಟೇಪು ಯಾರಿಗಾಗಿಯೂ ತಡೆಯುವುದಿಲ್ಲ ಎಂಬುದು ಅವರ ವಾದ.